ಕೆಂಪು ಬಲ್ಬಿನ ಮಾಸ್ತರು

ಮಾಸ್ತರು ತೀರಿಕೊಂಡ ಸುದ್ದಿ ಬಂದಾಗ ನಾನು ಶಾಲೆಯ ಹೊಸ ಡಿಜಿಟಲ್ ಬೋರ್ಡಿನ ಮುಂದೆ ಬೆರಳು ಚಾಚಿಕೊಂಡು ನಿಂತಿದ್ದೆ. ಲಖನೌದಿಂದ ಬಂದಿದ್ದ ತರಬೇತಿಯ ಹುಡುಗಿ ಶಿಕ್ಷಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒಂದೊಂದು ಗೆರೆ ಎಳೆಸುತ್ತಿದ್ದಳು. ಬೆರಳಾಡಿಸಿದರೆ ಅಕ್ಷರ ಮೂಡುತ್ತದೆ, ಅಂಗೈ ಆಡಿಸಿದರೆ ಅಳಿಸಿಹೋಗುತ್ತದೆ, ಇನ್ನು ಮುಂದೆ ಸೀಮೆಸುಣ್ಣದ ಧೂಳು ಕುಡಿಯಬೇಕಾಗಿಲ್ಲ ಎಂದು ಅವಳು ಹೇಳುತ್ತಿದ್ದಂತೆಯೇ ಲೈಟು ಹೋಯಿತು. ಬೋರ್ಡು ಕಪ್ಪಾಯಿತು. ಹುಡುಗಿ ಪೆಚ್ಚಾಗಿ ನಕ್ಕಳು. ಈಗೇನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಆಗ ನಮ್ಮ ಗುಮಾಸ್ತರು ಬಾಗಿಲಿಗೆ ಬಂದು, ಗಂಗೆಯಾಚೆಯ ರಾಮನಗರದಿಂದ ಫೋನ್ ಬಂದಿತ್ತು, ಹಳೇ ಗಣಿತದ ಮಾಸ್ತರು ಬೆಳಿಗ್ಗೆ ಹೋಗಿಬಿಟ್ಟರಂತೆ ಎಂದರು.

ನಾನು ಅಳಲಿಲ್ಲ, ನೆಲ ನೋಡಿದೆ. ಆ ಕೋಣೆಗೆ ಈಗ ಹೊಳೆಯುವ ಟೈಲ್ಸ್ ಹಾಕಿಸಿದ್ದಾರೆ. ಅದರ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಅವರು ಸುಣ್ಣದಲ್ಲಿ ಬರೆಯುತ್ತಿದ್ದ ಅಕ್ಷರಗಳನ್ನು ಹುಡುಕಿದೆನೇನೋ. ಅದಾಗಿ ಎರಡು ವಾರವಾಯಿತು, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಉಕ್ಕಿಸುತ್ತೇನೆ, ಹಾಜರಿ ಕರೆಯುವಾಗ ಒಂದೇ ಹೆಸರನ್ನು ಎರಡು ಸಲ ಕರೆಯುತ್ತೇನೆ, ಮಹಡಿ ಹತ್ತಿ ಯಾಕೆ ಹತ್ತಿದೆನೆಂದು ನಿಂತುಬಿಡುತ್ತೇನೆ. ಬರೆದರೆ ಕಡಿಮೆಯಾದೀತೆಂದು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಬಾಯಿ ಬಿಡಬೇಕಾದಾಗ ಬಿಡದೆ ಈಗ ಹೆಸರು ಹಿಡಿದು ಹೊಗಳಲು ನನಗೆ ನಾಚಿಕೆ.

ಕಾಶಿಯ ಶಿವಾಲದ ಗಲ್ಲಿಯಲ್ಲಿ, ದಕ್ಷಿಣದಿಂದ ಬಂದು ನೆಲೆಸಿದವರ ಮಕ್ಕಳಿಗೆಂದು ಯಾವ ಕಾಲದಲ್ಲೋ ಶುರುವಾದ ಪುಟ್ಟ ಶಾಲೆ ನಮ್ಮದು. ಪಾಠವೆಲ್ಲ ಹಿಂದಿಯಲ್ಲಿ. ದಿನಕ್ಕೊಂದು ಪೀರಿಯಡ್ಡು ಕನ್ನಡ, ಅದು ನನ್ನ ಪಾಲು. ನಾನು ಮೈಸೂರಿನ ಕಡೆಯವಳು, ಮದುವೆಯಾಗಿ ಕಾಶಿಯ ಪುರೋಹಿತರ ಮನೆ ಸೇರಿದವಳು. ಸೊಸೆ ಮನೆಯ ಹೊರಗೆ ಕೆಲಸ ಮಾಡುವುದು ನಮ್ಮ ಮಾವನವರಿಗೆ ಒಂದು ದಿನವೂ ಒಪ್ಪಿಗೆಯಾಗಿರಲಿಲ್ಲ. ಶಾಲೆ ನಮ್ಮವರದೇ, ಮನೆಯಿಂದ ನಾಲ್ಕು ಹೆಜ್ಜೆ ಎಂದು ಹೇಳಿ ಹೇಳಿ ನನ್ನ ಗಂಡ ಒಪ್ಪಿಸಿದ್ದರು. ಒಂದು ಸಣ್ಣ ದೂರು ಬಂದರೂ ಸಾಕು, ನಾನು ಮತ್ತೆ ಅಡುಗೆಮನೆಗೆ ಎನ್ನುವುದು ನನಗೂ ಗೊತ್ತಿತ್ತು, ಇಡೀ ಗಲ್ಲಿಗೂ ಗೊತ್ತಿತ್ತು.

ಮಾಸ್ತರು ಧಾರವಾಡದ ಕಡೆಯವರು. ಕಾಶಿಗೆ ಯಾಕೆ ಬಂದರು, ಮನೆಯಲ್ಲಿ ಯಾರಿದ್ದರು ಎಂಬುದನ್ನು ಕೇಳಿದರೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು. ಒಣಕಲು ಮೈ, ಅರ್ಧ ತೋಳಿನ ಅಂಗಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಸೀಮೆಸುಣ್ಣ ಇರುತ್ತಿದ್ದವು, ಹಾಗಾಗಿ ಅವರ ಎಡ ಎದೆಯ ಮೇಲೆ ಸದಾ ಒಂದು ಬಿಳಿ ಕಲೆ. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಬುತ್ತಿಯನ್ನೂ ಓಡಾಡಿಕೊಂಡೇ ತಿನ್ನುತ್ತಿದ್ದರು. ಮಕ್ಕಳು ಬನಾರಸಿ ಬಾಯಿಯಲ್ಲಿ ಅವರನ್ನು ಮಾಸ್ಸಾಬ್ ಎನ್ನುತ್ತಿದ್ದರು. ಅವರು ಮಾತ್ರ ಮಕ್ಕಳಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಅರ್ಥವಾಗದೆ ಮಕ್ಕಳು ಮಿಕಿಮಿಕಿ ನೋಡಿದರೆ ಹಿಂದಿಗೆ ಹೊರಳದೆ, ಅದೇ ಮಾತನ್ನು ಇನ್ನೂ ನಿಧಾನಕ್ಕೆ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದಿರಬೇಕು. ಯಾತ್ರೆಗೆ ಬಂದಿದ್ದ ದೊಡ್ಡ ವರ್ತಕರೊಬ್ಬರು ಶಾಲೆಗೆ ನಾಲ್ಕು ಹಳೇ ಕಂಪ್ಯೂಟರುಗಳನ್ನೂ, ಗರಗರ ಸದ್ದು ಮಾಡುವ ಒಂದು ಪ್ರಿಂಟರನ್ನೂ ದಾನ ಕೊಟ್ಟರು. ಅವು ಮೂರನೆಯ ಮಹಡಿ ಸೇರಿದವು. ನಾವು ಉಳಿದ ಶಿಕ್ಷಕರು ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಮಸ್ಲಿನ್ ಬಟ್ಟೆ ಹೊದಿಸಿ, ಕೈಮುಗಿದು ಕೆಳಗಿಳಿದು ಬಂದೆವು. ಮಾಸ್ತರು ಇಳಿಯಲಿಲ್ಲ. ಸಂಜೆ ಬೀಗ ಹಾಕಲು ಹೋದ ಗುಮಾಸ್ತರು, ಅವರು ಒಂದು ಡಬ್ಬವನ್ನು ಬಿಚ್ಚಿ ಹರಡಿಕೊಂಡು ನಿಂತಿದ್ದಾರೆ ಎಂದು ಗಾಬರಿಯಲ್ಲಿ ಓಡಿ ಬಂದರು. ಒಂದು ತಿಂಗಳಲ್ಲಿ ಅವರು ಅದನ್ನೆಲ್ಲ ತಾವೇ ಕಲಿತರು. ಇನ್ನೊಬ್ಬ ಯಾತ್ರಿಕರಿಗೆ ಪತ್ರ ಬರೆದು ಕನ್ನಡ ಅಕ್ಷರ ಮೂಡಿಸುವ ಸಿ.ಡಿ.ಯೊಂದನ್ನು ತರಿಸಿಕೊಂಡರು. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ನನ್ನ ಬಳಿ ಬಂದು, ತಲೆ ಕೆರೆದುಕೊಂಡು, ಉಗುರುಬಣ್ಣ ಇದೆಯೇ ಎಂದು ಕೇಳಿದರು. ಮದುವೆಯಲ್ಲಿ ಯಾರೋ ಕೊಟ್ಟಿದ್ದ ಶೀಶೆ ತಂದುಕೊಟ್ಟೆ. ಬೆಂಕಿಕಡ್ಡಿಯ ತುದಿ ಅದ್ದಿ ನಾಲ್ಕು ಕೀಬೋರ್ಡುಗಳ ಮೇಲೂ ಕೆಂಪಗೆ ಅ ಆ ಇ ಈ ಬರೆದರು.

ಆದರೆ ಲೈಟು ಬೇಕಲ್ಲ. ನಮ್ಮ ಮೊಹಲ್ಲಾದಲ್ಲಿ ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಮಾಸ್ತರು ತಮ್ಮ ಗಣಿತದ ಕ್ಲಾಸಿನ ಕಿಟಕಿಗೆ ಒಂದು ಸಣ್ಣ ಕೆಂಪು ಬಲ್ಬು ಕಟ್ಟಿದರು. ಹಗಲಲ್ಲಿ ಲೈಟು ಬಂದರೂ ಗೊತ್ತಾಗುವುದಿಲ್ಲ, ಬಲ್ಬು ಹತ್ತಿಕೊಂಡರೆ ತಿಳಿಯುತ್ತದೆ ಎಂದು. ಆಮೇಲೆ ಅವರು ಬೋರ್ಡಿಗೆ ಬೆನ್ನು ಮಾಡಿ, ಬಲ್ಬಿಗೆ ಮುಖ ಮಾಡಿ ಪಾಠ ಮಾಡತೊಡಗಿದರು. ಅದು ಹತ್ತಿತೋ, ಭಿನ್ನರಾಶಿ ಅರ್ಧಕ್ಕೆ ನಿಲ್ಲುತ್ತಿತ್ತು. ಇಡೀ ಐದನೇ ಕ್ಲಾಸು ಮೆಟ್ಟಿಲು ದಡದಡ ಹತ್ತಿ ಮೂರನೇ ಮಹಡಿ ಸೇರುತ್ತಿತ್ತು. ಎದುರಿಗೆ ಸಿಕ್ಕಿದವರನ್ನೆಲ್ಲ ಮಾಸ್ತರು ಗೋಡೆಗೆ ಒತ್ತಿ ನಿಲ್ಲಿಸಿ ಮಕ್ಕಳಿಗೆ ದಾರಿ ಮಾಡಿಕೊಡುತ್ತಿದ್ದರು. ಒಮ್ಮೆ ಸ್ವತಃ ಶಾಲೆಯ ಕಾರ್ಯದರ್ಶಿಗಳೇ ಹಾಗೆ ಗೋಡೆಗಂಟಿ ನಿಂತದ್ದನ್ನು ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡಿದ್ದೆ.

ಬೆರಳಚ್ಚು ಮಾಡುತ್ತ ಇದ್ದಂತೆ ಲೈಟು ಹೋದರೆ ಬರೆದದ್ದೆಲ್ಲ ಹೋಯಿತು. ಅದಕ್ಕೆ ಅವರದೊಂದು ಮಂತ್ರವಿತ್ತು. "ಮೊದಲ ಸೇವ್ ಮಾಡ್ರಿ, ಆಮ್ಯಾಲ ಉಸಿರು ಬಿಡ್ರಿ." ಒಂದೊಂದು ಸಾಲಿಗೂ ಅದನ್ನು ಕೂಗುತ್ತಿದ್ದರು. ಮಕ್ಕಳು ನಿಜಕ್ಕೂ ಉಸಿರು ಹಿಡಿದು ಸಾಲು ಮುಗಿಸಿ, ಸೇವ್ ಒತ್ತಿ, ಒಟ್ಟಿಗೆ ಹುಸ್ಸೆಂದು ಉಸಿರು ಬಿಡುವುದು ಕೆಳಗಿನ ಮಹಡಿಗೂ ಕೇಳುತ್ತಿತ್ತು. ಲೈಟೇ ಇಲ್ಲದ ದಿನ ಅವರು ಸೀಮೆಸುಣ್ಣ ಹಿಡಿದು ನೆಲದ ಚಪ್ಪಡಿಗಳ ಮೇಲೆ ಮಾರುದ್ದದ ಕೀಬೋರ್ಡು ಬರೆಯುತ್ತಿದ್ದರು. ಒಂದು ಚೌಕಕ್ಕೆ ಒಂದು ಅಕ್ಷರ. ಅವರು ಒಂದು ಪದ ಹೇಳಿದರೆ ಮಕ್ಕಳು ಕುಂಟೆಬಿಲ್ಲೆ ಆಡಿದಂತೆ ಅಕ್ಷರದಿಂದ ಅಕ್ಷರಕ್ಕೆ ಹಾರಬೇಕು. ನನ್ನ ಮಗಳು ಗೌರಿ ಆ ಕ್ಲಾಸಿನಲ್ಲಿದ್ದಳು. ನಾಲ್ಕು ವರ್ಷ ಪೀಡಿಸಿದರೂ ನನ್ನಿಂದ ಕನ್ನಡ ಓದಲು ಕಲಿಯದವಳು ನಾಲ್ಕು ತಿಂಗಳು ಹಾರಾಡಿ ಕಲಿತುಬಿಟ್ಟಳು. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಕನ್ನಡದ ಟೀಚರು ನಾನಲ್ಲವೇ.

ಇಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ.

ನಮ್ಮ ಪುರೋಹಿತರ ಮನೆಗಳಲ್ಲಿ ವಹಿ ಎಂಬುದೊಂದು ಇರುತ್ತದೆ. ಕೆಂಪು ಬಟ್ಟೆಯ ರಟ್ಟು, ಮೊಣಕೈಯಷ್ಟು ಉದ್ದದ ಪುಸ್ತಕ. ಊರಿನಿಂದ ಯಾತ್ರಿಕರು ಬಂದರೆ ಪುರೋಹಿತರು ಅವರ ಊರು, ಗೋತ್ರ ಕೇಳಿ ಆ ಪುಟ ತೆಗೆಯುತ್ತಾರೆ. ಅಲ್ಲಿ ಯಾತ್ರಿಕರ ಅಪ್ಪನೋ ಅಜ್ಜನೋ ಮುತ್ತಜ್ಜನೋ ಹಿಂದೆ ಕಾಶಿಗೆ ಬಂದಾಗ ತಮ್ಮ ಕೈಯಾರೆ ಮಾಡಿದ ಸಹಿ ಇರುತ್ತದೆ, ಮನೆಯವರ ಹೆಸರುಗಳಿರುತ್ತವೆ. ಗಟ್ಟಿ ಗಂಡಸರೂ ಆ ಸಹಿಯ ಮೇಲೆ ಬೆರಳಿಟ್ಟು ಅತ್ತದ್ದನ್ನು ನಾನು ಕಂಡಿದ್ದೇನೆ. ಯಾವ ಪುರೋಹಿತರ ವಹಿಯಲ್ಲಿ ಹಿರಿಯರ ಸಹಿ ಇದೆಯೋ ಆ ಮನೆತನದವರು ಅವರಿಗೇ ಯಜಮಾನರು, ಎಂದರೆ ಅವರ ಪೂಜೆ, ದಕ್ಷಿಣೆ ಎಲ್ಲ ಆ ಪುರೋಹಿತರದೇ, ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗಾಗಿ ವಹಿ ಮನೆಯ ಹೊಸ್ತಿಲು ದಾಟುವುದಿಲ್ಲ. ಒಬ್ಬರ ವಹಿಯನ್ನು ಇನ್ನೊಬ್ಬರು ನೋಡಿದ್ದೂ ಇಲ್ಲ, ನೋಡುತ್ತೇನೆ ಎಂದದ್ದೂ ಇಲ್ಲ.

ಮಾಸ್ತರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಅವರ ತಲೆಯಲ್ಲಿದ್ದದ್ದು ಬೇರೆ. ಈ ಮಕ್ಕಳು ದೊಡ್ಡವರಾದ ಮೇಲೆ ವಹಿ ತೆಗೆದು ಕೂತರೆ ಒಂದಕ್ಷರ ಓದಲು ಬಾರದು, ಹಳೇ ಕೈಬರಹದ ಕನ್ನಡ ಅವರಿಗೆ ಇರುವೆ ಸಾಲಾಗಿ ಕಾಣುತ್ತದೆ, ಆಗೇನು ಗತಿ ಎಂದು ನನ್ನನ್ನು ಕೇಳಿದ್ದರು. ಅದಕ್ಕೇ ಒಂದು ಉಪಾಯ ಹೂಡಿದರು. ಪ್ರತಿ ಮಗುವೂ ಮನೆಯ ವಹಿಯಿಂದ ಒಂದಾದರೂ ಪುಟವನ್ನು ನಕಲು ಮಾಡಿಸಿಕೊಂಡು ಬಂದು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಬೇಕು. ಮನೆಯವರ ಒಪ್ಪಿಗೆಯಿಲ್ಲದೆ ತರಬಾರದು ಎಂದು ಚೀಟಿಯನ್ನೂ ಕಳಿಸಿದರು. ಗಂಡಸರಿಗೆ ಆ ಚೀಟಿ ತೋರಿಸಿದರೆ ಏನಾಗುತ್ತದೆಂದು ಹೆಂಗಸರಿಗೆಲ್ಲ ಗೊತ್ತಿತ್ತು. ಹನ್ನೊಂದು ಚೀಟಿ ವಾಪಸು ಬಂದವು, ಹನ್ನೊಂದಕ್ಕೂ ತಾಯಂದಿರದೇ ಸಹಿ. ನಾನಂತೂ ಮಾವನವರು ಮಧ್ಯಾಹ್ನ ಮಲಗಿದ್ದಾಗ ವಹಿ ಬಿಚ್ಚಿ, ಅಕ್ಷರ ಸ್ಪಷ್ಟವಾಗಿದ್ದ ಒಂದು ಪುಟ ಹುಡುಕಿ, ಕೆಂಚನಹಾಳ ಎಂಬ ಊರಿನವರ ಪುಟವನ್ನು ಗೌರಿಗೆ ಬರೆದುಕೊಟ್ಟೆ. ಮಾವನವರು ಮಗ್ಗುಲು ಬದಲಿಸಿದ ಸದ್ದಿಗೆ ಎರಡು ಸಲ ವಹಿ ಮುಚ್ಚಿ ತೆರೆದೆ. ಖುಷಿಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಸರಸ್ವತಿ ಪೂಜೆಯ ದಿನ ಮಕ್ಕಳ ಕೆಲಸವನ್ನು ಗೋಡೆಗೆ ಹಚ್ಚುವುದು ನಮ್ಮ ಶಾಲೆಯ ಪದ್ಧತಿ. ಮಾಸ್ತರು ಹನ್ನೊಂದು ಮಕ್ಕಳ ಪುಟಗಳನ್ನೂ ಒಟ್ಟು ಮಾಡಿ, ಊರುಗಳನ್ನು ಅಕಾರಾದಿಯಾಗಿ ಜೋಡಿಸಿ ಎಂದು ಕಂಪ್ಯೂಟರಿಗೆ ಹೇಳಿದರಂತೆ. ಅದು ಜೋಡಿಸಿತು. ಅದಕ್ಕೇನು, ಯಾರ ಮನೆಯ ವಹಿ ಎಂಬ ಮುಲಾಜೇ ಇಲ್ಲ. ಪ್ರಿಂಟರು ಒಂದಕ್ಕೊಂದು ಅಂಟಿಕೊಂಡ ಕಾಗದವನ್ನು ಗರಗರ ಹೊರಹಾಕಿತು. ಅದನ್ನು ಹರಿಯದೆ ಹಾಗೆಯೇ ಸಭಾಂಗಣದ ಉದ್ದಕ್ಕೂ ತೋರಣದಂತೆ ಕಟ್ಟಿದರು. ತಲೆಮಾರುಗಟ್ಟಲೆ ಒಂದರ ಪಕ್ಕ ಒಂದು ಇಡದ ವಹಿಗಳು ಆ ಕಾಗದದಲ್ಲಿ ಅಕ್ಕಪಕ್ಕ ಕೂತಿದ್ದವು. ಆ ದಿನ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮಕ್ಕಳ ಮನೆಯವರು ಬರುತ್ತಿದ್ದಂತೆ, ನೋಡ್ರಿ, ನಿಮ್ಮ ಹುಡುಗೀನ ಮಾಡ್ಯಾಳ ಎಂದು ಒಬ್ಬೊಬ್ಬರಿಗೂ ತೋರಿಸುತ್ತ ಓಡಾಡಿದರು.

ಎದುರು ಗಲ್ಲಿಯ ಜೋಯಿಸರು ಮೊಮ್ಮಗಳ ಪುಟ ಹುಡುಕುತ್ತ ಕ ಅಕ್ಷರಕ್ಕೆ ಬಂದು ನಿಂತರು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಓದಿದರು. ಕೆಂಚನಹಾಳ ಎರಡು ಸಲ ಇತ್ತು, ಒಂದರ ಕೆಳಗೊಂದು, ಪಕ್ಕದಲ್ಲಿ ಬರೆದ ಮಗುವಿನ ಹೆಸರು. ಮೇಲಿನದು ಜೋಯಿಸರ ವಹಿಯದು, ಅದರಲ್ಲಿ ಆ ಊರಿನ ಮನೆತನವೊಂದರ ಮುತ್ತಜ್ಜನ, ಅವರ ಮಗನ ಸಹಿ. ಕೆಳಗಿನದು ನಮ್ಮದು, ಅದೇ ಮನೆತನ, ಅದೇ ಗೋತ್ರ, ಆದರೆ ಮೊಮ್ಮಗನಿಂದ ಶುರು. ಎಂದರೆ ಅವರು ಜೋಯಿಸರ ಯಜಮಾನರು. ನಮ್ಮ ಮನೆಯ ಹಿಂದಿನವರಾರೋ ಸ್ಟೇಷನ್ನಿನಲ್ಲೇ ಎದುರಾಗಿ ಕರೆತಂದಿದ್ದಿರಬೇಕು. ಜೋಯಿಸರು ಪ್ರಸಾದದ ದೊನ್ನೆ ಹಿಡಿದು ನಿಂತಿದ್ದ ನಮ್ಮ ಮಾವನವರ ಕಡೆ ತಿರುಗಿದರು. ಇಬ್ಬರೂ ನಲವತ್ತು ವರ್ಷದ ಸ್ನೇಹಿತರು. ಆದರೆ ಅಷ್ಟರಲ್ಲಿ ಮಾವನವರ ಕಣ್ಣೂ ಗೋಡೆಯ ಮೇಲೆ ಹರಿದಿತ್ತು, ಜೋಯಿಸರ ಮನೆ ಬೇರೆ ಯಾರದೋ ಎರಡು ಊರು ಇಟ್ಟುಕೊಂಡಿದ್ದು ಅಲ್ಲಿತ್ತು. ಉಳಿದವರೂ ಹುಡುಕಿದರು. ಯಾರ ಮನೆಯೂ ಪೂರ್ತಿ ಶುದ್ಧವಿರಲಿಲ್ಲ. ಜಗಳವಾಡಬೇಕಾದ ಹಿರಿಯರೆಲ್ಲ ಹತ್ತು ನಿಮಿಷದಲ್ಲಿ ಒಂದಾಗಿಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಯೂಟರ್ ಕೋಣೆಯಲ್ಲಿ ಸಭೆ. ಕಾರ್ಯದರ್ಶಿಗಳು, ಆರು ಮಂದಿ ಹಿರಿಯರು, ಅವರಲ್ಲಿ ನಮ್ಮ ಮಾವನವರು, ಬಾಗಿಲ ಬಳಿ ಕನ್ನಡದ ಟೀಚರೆಂದು ನಾನು. ಗೋಡೆಯ ಕಾಗದವನ್ನು ಆಗಲೇ ಗಂಗೆಗೆ ಬಿಟ್ಟಾಗಿತ್ತು. ಈಗ ಕಂಪ್ಯೂಟರಿನಲ್ಲಿ ಇರುವುದನ್ನೂ ತಮ್ಮ ಕಣ್ಣೆದುರೇ ಅಳಿಸಬೇಕು ಎಂದರು. ಮಾಸ್ತರು ಬೇಡಿಕೊಂಡರು. ಬೇಕಾದರೆ ಒಂದೊಂದು ಮನೆಯದನ್ನು ಬೇರೆಬೇರೆ ಮಾಡಿ ಅವರವರಿಗೇ ಕೊಡುತ್ತೇನೆ, ಅಳಿಸುವುದು ಮಾತ್ರ ಬೇಡ, ಮಕ್ಕಳು ನಾಲ್ಕು ತಿಂಗಳು ಮಾಡಿದ ಕೆಲಸ ಎಂದರು. ನಮ್ಮ ಮಾವನವರು ದನಿ ಏರಿಸುವವರಲ್ಲ.

"ಇದು ನಮ್ಮ ಅನ್ನ, ಮಾಸ್ತರೆ. ಅನ್ನವನ್ನು ಗೋಡೆಗೆ ಅಂಟಿಸ್ತಾರೆಯೇ?" ಎಂದರು.

ಅದನ್ನು ಕೇಳಿ ಮಾಸ್ತರ ಮುಖ ಇಳಿಯಿತು. ತಮ್ಮ ತಪ್ಪು ಯಾವುದೆಂದು ಅವರಿಗೆ ಹೊಳೆದದ್ದು ಆಗಲೇ ಎಂದು ನನಗನ್ನಿಸುತ್ತದೆ. ಕಂಪ್ಯೂಟರಿನ ಮುಂದೆ ಹೋದರು. ಗುಂಡಿ ಒತ್ತಿದರು. ಪರದೆ ಇನ್ನೂ ಪೂರ್ತಿ ಬೆಳಗಿರಲಿಲ್ಲ, ಲೈಟು ಹೋಯಿತು.

ಅಳಿಸಲಿಕ್ಕೂ ಲೈಟು ಬೇಕು. ಹಿರಿಯರಿಗೆ ಇದು ನಂಬಿಕೆಯಾಗಲಿಲ್ಲ. ಡಬ್ಬ ಒಡೆದು ಹಾಕಿದರಾಗದೇ ಎಂದು ಒಬ್ಬರು ಕೇಳಿದರು. ದಾನದ ವಸ್ತು ಒಡೆಯಬಾರದು ಎಂದು ಇನ್ನೊಬ್ಬರು. ಹಾಗಾದರೆ ಅಳಿಸಿದ್ದನ್ನು ಕಣ್ಣಾರೆ ಕಂಡೇ ಹೋಗುವುದು ಎಂದು ಎಲ್ಲರೂ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತರು. ಹಾಗೆ ಕೂತಾಗ ಕಾರ್ಯದರ್ಶಿಗಳು ಕೇಳಿದರು. ವಹಿಯನ್ನು ಮಕ್ಕಳ ಕೈಗೆ ಕೊಟ್ಟವರು ಯಾರು, ಮನೆಯಲ್ಲಿ ಯಾರಾದರೂ ಒಪ್ಪಿಗೆ ಕೊಟ್ಟಿದ್ದರೇ ಎಂದು.

ಮಾಸ್ತರ ಕೈ ಎದೆಯ ಜೇಬಿಗೆ ಹೋಯಿತು. ಆ ಜೇಬಿನಲ್ಲಿ ಹನ್ನೊಂದು ಚೀಟಿಗಳಿದ್ದವು. ಅವರು ಅವನ್ನು ಮಡಿಸಿ ಇಟ್ಟುಕೊಂಡದ್ದನ್ನು ಅರ್ಧ ಗಂಟೆಯ ಮುಂಚೆ ನಾನೇ ನೋಡಿದ್ದೆ, ಮೇಲಿನದು ನನ್ನದಾಗಿತ್ತು. ಕೈ ಜೇಬಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಹೊರಬಂದಾಗ ಅದರಲ್ಲಿ ಇದ್ದದ್ದು ಒಂದು ಸೀಮೆಸುಣ್ಣ.

"ಯಾರ ಒಪ್ಪಿಗೀನೂ ಕೇಳಿಲ್ರಿ. ನಾನ ಹುಡುಗರಿಗೆ ಹೇಳಿ ತರಿಸೀನಿ," ಎಂದರು.

ಆಮೇಲೆ ಒಂದೂವರೆ ಗಂಟೆ ಲೈಟು ಬರಲಿಲ್ಲ. ಕಿಟಕಿಯಲ್ಲಿ ಒಂದು ಮಂಗ ಬಂದು ಕೂತು ಹೋಯಿತು. ಕೆಳಗಿನಿಂದ ಎರಡನೇ ಕ್ಲಾಸಿನ ಮಗ್ಗಿ ಕೇಳುತ್ತಿತ್ತು. ಹಿರಿಯರು ಮಾಸ್ತರಿಗೆ ಹೊರಗಿನವನು, ಮನೆತನವಿಲ್ಲದವನು, ಮಕ್ಕಳಿಗೆ ಕಳ್ಳತನ ಕಲಿಸಿದವನು ಎಂದು ಸರದಿಯ ಮೇಲೆ ಅಂದರು. ಅವರು ಅತ್ತಿಂದಿತ್ತ ನಡೆಯುತ್ತಿದ್ದರು. ನಡೆದು ನಡೆದು, ಕೈ ಸುಮ್ಮನಿರಲಾರದೆ, ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಚೌಕ ಬರೆಯಲು ಶುರು ಮಾಡಿದರು. ಅ, ಆ, ಇ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದೆ. ಹೇಳಬೇಕು, ಈಗ ಹೇಳುತ್ತೇನೆ, ಆ ಸಾಲು ಬರೆದು ಮುಗಿಸಲಿ ಹೇಳುತ್ತೇನೆ ಎಂದುಕೊಂಡೆ. ಮಾವನವರ ಬಿಳಿ ಧೋತ್ರದ ಅಂಚು ಕಂಡರೆ ಅದನ್ನು ಮುಂದಿನ ಸಾಲಿಗೆ ದೂಡುತ್ತಿದ್ದೆ. ನಾಳೆಯಿಂದ ಶಾಲೆಯಿಲ್ಲ, ಈ ಮೆಟ್ಟಿಲಿಲ್ಲ, ನನ್ನದೆಂದು ಇರುವ ಆ ಒಂದು ಪೀರಿಯಡ್ಡಿಲ್ಲ. ಮಾಸ್ತರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು.

ಹೊರಗೆ ಗಲ್ಲಿಯ ಮಕ್ಕಳು ಹೋ ಎಂದು ಕೂಗಿದರು, ಲೈಟು ಬಂದಿತ್ತು. ಮಾಸ್ತರು ಎದ್ದು ಕೈ ಒರೆಸಿಕೊಂಡು ಒಂದೊಂದೇ ಮಗುವಿನ ಪುಟ ತೆರೆದು, ಹಿರಿಯರಿಗೆ ತೋರಿಸಿ, ಅಳಿಸಿದರು. ಹನ್ನೊಂದು ಸಲ. ಎಲ್ಲೂ ಇನ್ನೊಂದು ಪ್ರತಿ ಇಲ್ಲ ಎಂದು ಜನಿವಾರ ಹಿಡಿದು ಹೇಳಿದರು. ಅವರು ಹೇಳಿದರೆಂದ ಮೇಲೆ ಇರಲಿಲ್ಲ, ಅಷ್ಟೇ. ಹಿರಿಯರು ನೆಲದ ಅಕ್ಷರಗಳನ್ನು ತುಳಿಯಬಾರದೆಂದು ಗೋಡೆಯ ಪಕ್ಕದಿಂದ ಸಾಲಾಗಿ ಹೊರಟರು. ಅವತ್ತೇ ಕೋಣೆಗೆ ಬೀಗ ಬಿತ್ತು. ಕೀಲಿ ಕಾರ್ಯದರ್ಶಿಗಳ ಸೊಂಟ ಸೇರಿತು. ಮೂರು ವರ್ಷದ ಮೇಲೆ ತೆಗೆದಾಗ ಯಾವ ಡಬ್ಬವೂ ಹೊತ್ತಿಕೊಳ್ಳಲಿಲ್ಲ.

ಮಾಸ್ತರನ್ನು ತೆಗೆದುಹಾಕಲಿಲ್ಲ. ಗಣಿತಕ್ಕೆ ಇನ್ನೊಬ್ಬರು ಸಿಗಲಿಲ್ಲ, ಅದಕ್ಕೆ. ನಿವೃತ್ತಿಗೆ ಉಳಿದಿದ್ದ ವರ್ಷಗಳನ್ನು ಅವರು ಹಾಗೆಯೇ ನಿಂತುಕೊಂಡೇ ಕಳೆದರು. ಕೆಂಪು ಬಲ್ಬನ್ನು ಮಾತ್ರ ಬಿಚ್ಚಲಿಲ್ಲ. ಅದು ಹತ್ತಿದಾಗ ಅವರ ಮಾತು ಅರೆಕ್ಷಣ ನಿಲ್ಲುತ್ತಿತ್ತು, ಒಂದು ಕಾಲು ಬಾಗಿಲ ಕಡೆ ಹೋಗುತ್ತಿತ್ತು, ಮತ್ತೆ ಭಿನ್ನರಾಶಿಗೆ ಮರಳುತ್ತಿದ್ದರು. ಪಕ್ಕದ ಕ್ಲಾಸಿನಲ್ಲಿ ಕೂತು ನಾನು ಆ ಅರೆಕ್ಷಣವನ್ನು ಕಾಯುತ್ತಿದ್ದೆ. ಮಕ್ಕಳಿಗೆ ನೆಲದ ಕೀಬೋರ್ಡು ಬೇಡವೆಂದು ಯಾರೂ ಹೇಳಿರಲಿಲ್ಲ, ಅದನ್ನು ಅವರು ಬಿಡಲೂ ಇಲ್ಲ. ಅದಕ್ಕೆ ಲೈಟು ಬೇಡ, ಕೀಲಿ ಬೇಡ, ಕಾರ್ಯದರ್ಶಿಗಳೂ ಬೇಡ.

ನಿವೃತ್ತರಾದ ಮೇಲೆ ಅವರು ರಾಮನಗರಕ್ಕೆ ಹೋಗಿ ನೆಲೆಸಿದರು. ಒಂದು ಚಳಿಗಾಲದಲ್ಲಿ ಗಂಗೆಯ ಮೇಲೆ ಪೀಪಾಯಿ ತೇಲಿಸಿ ಕಟ್ಟುವ ಸೇತುವೆ ದಾಟಿ ನೋಡಲು ಹೋಗಿದ್ದೆ. ಕೋಟೆಯ ಹಿಂದಿನ ಮಾರುಕಟ್ಟೆಯಲ್ಲಿ ಒಂದು ಕೋಣೆ. ನಾಲ್ಕು ಜನ ಹುಡುಗಿಯರ ತೊಡೆಯ ಮೇಲೆ ಒಂದೊಂದು ಕೆಟ್ಟ ಕೀಬೋರ್ಡು, ತಂತಿ ಎಲ್ಲಿಗೂ ಹೋಗಿರಲಿಲ್ಲ. ಗುಜರಿಯಿಂದ ತಂದದ್ದಂತೆ. ಇವರು ನಡುವೆ ಓಡಾಡುತ್ತ ಉಸಿರು ಹಿಡಿಸುತ್ತಿದ್ದರು, ಬಿಡಿಸುತ್ತಿದ್ದರು. ಈ ಸಲ ಹಿಂದಿಯಲ್ಲಿ. ನಾನು ಆ ದಿನದ ಮಾತು ತೆಗೆಯಲು ಮೂರು ಸಲ ನೋಡಿದೆ. ಮೂರು ಸಲವೂ ಅವರು, ರಾಮನಗರದಲ್ಲಿ ಲೈಟು ಶಿವಾಲಕ್ಕಿಂತ ವಾಸಿ ಎಂಬ ಮಾತಿಗೆ ಹೋದರು. ಹೊರಡುವಾಗ ಬೀದಿಯವರೆಗೆ ಬಂದು ನಿಂತರು.

"ಅಕ್ಕೋರ, ನೀವು ಅವತ್ತ ಮಾತಾಡಿದ್ರ ನಿಮ್ಮನ್ನ ಮನ್ಯಾಗ ಕೂಡಸ್ತಿದ್ರು," ಎಂದರು. "ಶಾಲ್ಯಾಗ ಕನ್ನಡ ಹೇಳವ್ರು ಒಬ್ಬರರೆ ಉಳೀಬೇಕಾಗಿತ್ತು."

ಹಗುರವಾಗಬೇಕಿತ್ತು, ಆಗಲಿಲ್ಲ. ಅವರು ಲೆಕ್ಕ ಹಾಕಿ ಸುಮ್ಮನಿದ್ದರು. ನಾನು ಲೆಕ್ಕ ಹಾಕಿರಲಿಲ್ಲ, ಹೆದರಿದ್ದೆ. ಎರಡೂ ಒಂದೇ ಎಂಬಂತೆ ಅವರು ದೊಡ್ಡ ಮನಸ್ಸು ಮಾಡಿ ಹೇಳಿದ್ದು ನನಗೆ ಸೇತುವೆಯ ಉದ್ದಕ್ಕೂ ಕಾಲಲ್ಲಿ ಚುಚ್ಚಿತು.

ಮೊನ್ನೆ ಸೋಮವಾರ, ಅವರು ಹೋಗಿ ಹನ್ನೆರಡನೆಯ ದಿನ, ಕೆಂಚನಹಾಳದವರು ಬಂದರು. ಒಬ್ಬ ಹಿರಿಯರು, ಅವರ ಹೆಂಡತಿ, ತಂದೆಯ ಅಸ್ಥಿಯ ಗಡಿಗೆ. ನನ್ನ ಗಂಡ ಬೇರೆ ಯಾತ್ರಿಕರ ಜೊತೆ ಗಯೆಗೆ ಹೋಗಿದ್ದರು. ಮಾವನವರ ಎರಡು ಕಣ್ಣಿಗೂ ಮೋತಿಯಾಬಿಂದು, ಪೊರೆ ಬಂದು ಅಕ್ಷರ ಹಿಡಿಯುವುದಿಲ್ಲ. ಗೌರಿಗೆ ಈಗ ಹದಿನಾರು. ಓದು ಬಾ ಎಂದು ಅವಳನ್ನೇ ಕರೆದರು. ಹೆಣ್ಣುಮಗಳು ವಹಿ ಮುಟ್ಟಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು, ಹಾಗೆ ಎಣಿಸಿದರೆ ನಾನು ಕದ್ದು ಮುಟ್ಟಿದ್ದು ಮೊದಲು. ಅವಳು ಪುಟ ತೆಗೆದು ಸರಾಗ ಓದಿದಳು. ಓದುವಾಗ ಚಾಪೆಯ ಮೇಲೆ ಅವಳ ಕಾಲಿನ ಹೆಬ್ಬೆರಳು ಅತ್ತಿತ್ತ ಆಡುತ್ತಿದ್ದದ್ದನ್ನು ನಾನು ನೋಡಿದೆ. ಆ ಹಿರಿಯರು ತಮ್ಮ ಅಪ್ಪನ ಸಹಿ ಸವರಿದರು. ಇನ್ನೂ ಹಿಂದಿನದು ಇದೆಯೇ, ಅಜ್ಜನವರು, ಅವರ ಅಪ್ಪನವರು ಕಾಶಿಗೆ ಬಂದಿದ್ದರಂತೆ ಎಂದು ಆಸೆಯಿಂದ ಕೇಳಿದರು.

ಮಾವನವರು ಇಲ್ಲವೆನ್ನಲು ಬಾಯಿ ತೆರೆದರು. ಗೌರಿ ಅವರಿಗಿಂತ ಮುಂಚೆ ಹೇಳಿಬಿಟ್ಟಳು.

"ಅವರ ಸಹಿ ನಮ್ಮಲ್ಲಿಲ್ಲ, ತಾತಾಜಿ. ಸಾಮ್ನೇ ಗಲ್ಲಿಯ ಜೋಯಿಸರ ವಹಿಯಲ್ಲಿದೆ. ನನಗೆ ಯಾದ್ ಇದೆ, ಲೈಟು ಹೋಗಿ ಹೋಗಿ ಆ ಎರಡು ಪುಟ ನಾವು ಎಷ್ಟೋ ಸಲ ಟೈಪ್ ಮಾಡಿದ್ವಿ."

ಮಾವನವರು ಕುರುಡುಗಣ್ಣುಗಳನ್ನು ಅವಳ ದನಿಯ ಕಡೆ ತಿರುಗಿಸಿ, ಅದು ಆ ಮಾಸ್ತರ ಕಳ್ಳತನದ ಪಟ್ಟಿಯಲ್ಲವೇ, ಅವನೇ ತಾನೇ ಮಕ್ಕಳಿಂದ ಕದಿಸಿದ್ದು ಎಂದರು.

ಐದು ವರ್ಷದಿಂದ ಹೇಳದೆ ಉಳಿಸಿಕೊಂಡದ್ದು ಹೊರಬರಲು ಅರೆಕ್ಷಣವೂ ಹಿಡಿಯಲಿಲ್ಲ. "ಅವರು ಕದಿಸಲಿಲ್ಲ, ಮಾವ. ಆ ಪುಟ ಬರೆದುಕೊಟ್ಟವಳು ನಾನು. ಒಪ್ಪಿಗೆಗೆ ಸಹಿ ಹಾಕಿದವಳೂ ನಾನೇ. ಅವರ ಜೇಬಿನಲ್ಲಿ ನನ್ನ ಚೀಟಿ ಇತ್ತು," ಎಂದೆ.

ಮಾವನವರು ತಡಕಾಡಿ ವಹಿಯನ್ನು ಎಳೆದುಕೊಂಡು ದಾರ ಸುತ್ತಿದರು. ಮುದಿಕೈಗೆ ಗಂಟು ಬೀಳಲಿಲ್ಲ, ಗೌರಿ ಹಾಕಿಕೊಟ್ಟಳು. ಈ ಯಜಮಾನರನ್ನು ಜೋಯಿಸರ ಮನೆಗೆ ಬಿಟ್ಟು ಬಾ, ಅವರ ಅಜ್ಜನ ಸಹಿ ಅಲ್ಲಿದೆಯಂತೆ ಎಂದು ಮೊಮ್ಮಗಳಿಗೆ ಹೇಳಿದರು. ನನಗೆ ಏನೂ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲೇ ಕೂತಿದ್ದರು. ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು.

ಇಷ್ಟು ಸಣ್ಣ ಕೆಲಸವಾಗಿತ್ತು ಅದು. ಎರಡು ಮಾತು, ಮೇಲೆ ಒಂದು ಮೌನ. ಯಾರೂ ನನ್ನನ್ನು ಅಡುಗೆಮನೆಗೆ ತಳ್ಳಲಿಲ್ಲ. ಅವತ್ತಾದರೆ ತಳ್ಳುತ್ತಿದ್ದರೇನೋ, ಗೊತ್ತಿಲ್ಲ. ಇನ್ನು ಅದು ಗೊತ್ತಾಗುವ ದಾರಿಯೂ ಇಲ್ಲ. ಹೇಳಬೇಕಾದದ್ದನ್ನು ಹೇಳಿದ್ದಾಯಿತಲ್ಲ, ಇನ್ನಾದರೂ ನೆಮ್ಮದಿ ಎಂದುಕೊಂಡರೆ ಕಾಲು ಮತ್ತೆ ಮೆಟ್ಟಿಲು ಹತ್ತಿಸುತ್ತದೆ, ಇಳಿಸುತ್ತದೆ. ನಾನು ಹೇಳಿದ್ದನ್ನು ಮಾವನವರು ಕೇಳಿದರು, ಮಗಳು ಕೇಳಿದಳು, ಕೆಂಚನಹಾಳದಿಂದ ಬಂದ ಇಬ್ಬರು ಅಪರಿಚಿತರೂ ಕೇಳಿದರು. ಕೇಳಬೇಕಾಗಿದ್ದವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅ ಆ ಬರೆಯುತ್ತಿದ್ದಾಗ ನಾನು ಅವರಿಂದ ಮೂರು ಹೆಜ್ಜೆ ದೂರದಲ್ಲಿದ್ದೆ, ಒಂದೂವರೆ ಗಂಟೆ ಇದ್ದೆ.